ವಾದ್ಯಪಟ್ಟಿ ಕೈಗೆ ಬಂದ ಮೇಲೆಯೇ ಬ್ಯಾಂಡಿಗೆ ಸ್ವರಲಿಪಿ

ಮರಾಠಾ ಲಘು ಪದಾತಿ ದಳದ ರೆಜಿಮೆಂಟಲ್ ಸೆಂಟರ್ ಇರುವ ಬೆಳಗಾವಿಗೆ ಮಿಲಿಟರಿ ಬ್ಯಾಂಡಿನ ನಾದ ಹೊಸತಲ್ಲ. ಇಲ್ಲಿನ ಬ್ಯಾಂಡ್ ಕಂಪನಿಗಳಿಗೂ ಶಾಲಾ ಬ್ಯಾಂಡುಗಳಿಗೂ ಸ್ವರಲಿಪಿ ಬರೆದುಕೊಡುವ ನಾನು, ಯಾವ ವಾದ್ಯ ಎಷ್ಟಿವೆ ಎಂಬುದು ತಿಳಿಯುವವರೆಗೆ ಒಂದು ಸಾಲನ್ನೂ ಬರೆಯುವುದಿಲ್ಲ.

ಹಿತ್ತಾಳೆಯ ಊದುವಾದ್ಯಗಳ ಬ್ರಿಟಿಷ್ ಬ್ರಾಸ್ ಬ್ಯಾಂಡಿಗೆ ಬರೆಯುವವರಿಗೆ ಈ ಚಿಂತೆಯಿಲ್ಲ. ಹತ್ತು ಕಾರ್ನೆಟ್, ಒಂದು ಫ್ಲೂಗಲ್‌ಹಾರ್ನ್, ಮೂರು ಟೆನರ್ ಹಾರ್ನ್, ಎರಡು ಬ್ಯಾರಿಟೋನ್, ಎರಡು ಯುಫೋನಿಯಂ, ಮೂರು ಟ್ರಾಂಬೋನ್, ನಾಲ್ಕು ಬಾಸ್, ಹೀಗೆ 25 ಊದುವವರು ಅಲ್ಲಿ ಗೊತ್ತಾಗಿರುವುದರಿಂದ, ಬರೆದದ್ದು ಹೇಗೆ ಕೇಳಿಸೀತೆಂಬುದು ಕಾಗದದ ಮೇಲೆಯೇ ತಿಳಿಯುತ್ತದೆ. ಕ್ಲಾರಿನೆಟ್, ಸ್ಯಾಕ್ಸೋಫೋನ್‌ಗಳೂ ಸೇರುವ ಬ್ಯಾಂಡುಗಳಲ್ಲಿ ಅಂಥ ನಿಶ್ಚಯ ತಡವಾಗಿ, ಅದೂ ದೇಶಕ್ಕೊಂದು ಬಗೆಯಲ್ಲಿ ಬಂತು. ಇಂಗ್ಲಿಷ್ ಸಂಗೀತ ರಚನಕಾರ ಗುಸ್ಟಾವ್ ಹೋಲ್ಸ್ಟ್ 1909ರಲ್ಲಿ ಮಿಲಿಟರಿ ಬ್ಯಾಂಡಿಗೆಂದು ಮೊದಲ ಸ್ವೀಟ್ (suite, ಹಲವು ಭಾಗಗಳ ವಾದ್ಯಕೃತಿ) ರಚಿಸಿದಾಗ ಹಲವು ಪಾರ್ಟುಗಳನ್ನು, ಅಂದರೆ ಒಂದೊಂದು ವಾದ್ಯಕ್ಕೆ ಬರೆದ ಸಾಲುಗಳನ್ನು, ಐಚ್ಛಿಕವೆಂದೇ ಗುರುತಿಸಿದರು. ಆ ವಾದ್ಯಗಳಿಲ್ಲದಿದ್ದರೂ ಕೃತಿ ನಿಲ್ಲಬೇಕಿತ್ತು. ಇಷ್ಟು ಗಟ್ಟಿಯಾದ ಪಾಠ ನನಗೆ ಬೇರೆಲ್ಲೂ ಸಿಕ್ಕಿಲ್ಲ.

ಭೀಮಪಲಾಸಿ ರಾಗದ ಒಂದು ರಚನೆಯಲ್ಲಿ ಅದನ್ನೇ ಅನುಸರಿಸಿದೆ. ಬಿ-ಫ್ಲ್ಯಾಟನ್ನು ಷಡ್ಜವಾಗಿ ಹಿಡಿದೆ. ಕೆಲವು ವಾದ್ಯಗಳಲ್ಲಿ ಹಾಳೆಯಲ್ಲಿ ಬರೆಯುವ ಸ್ವರವೇ ಬೇರೆ, ಕೇಳಿಸುವ ಸ್ವರವೇ ಬೇರೆಯಾದ್ದರಿಂದ, ಬಿ-ಫ್ಲ್ಯಾಟ್ ಕ್ಲಾರಿನೆಟ್ ಮತ್ತು ಟ್ರಂಪೆಟ್‌ನವರಿಗೆ ಆ ಷಡ್ಜ ಹಾಳೆಯಲ್ಲಿ ಸಿ, ಆಲ್ಟೋ ಸ್ಯಾಕ್ಸೋಫೋನ್‌ನವರಿಗೆ ಜಿ, ಎಫ್ ಹಾರ್ನ್‌ನವರಿಗೆ ಎಫ್ ಆಗುತ್ತದೆ. ಕೋಮಲ ಗಾಂಧಾರ, ಕೋಮಲ ನಿಷಾದಗಳು ಯಾರ ಬೆರಳಿಗೂ ಕಷ್ಟವಲ್ಲ. ಶಹನಾಯಿಯ ಛಾಯೆ ಬೇಕಾದ ಸಾಲು ನ್ಯಾಯವಾಗಿ ಓಬೋಗೆ ಸಲ್ಲಬೇಕು, ಏಕೆಂದರೆ ಎರಡೂ ಜೋಡಿ ರೀಡಿನ ವಾದ್ಯಗಳು. ಆದರೆ ನಾನು ಬರೆದುಕೊಟ್ಟ ಬ್ಯಾಂಡುಗಳಲ್ಲಿ ಓಬೋ ಇರಲಿಲ್ಲ. ಅದಕ್ಕಾಗಿ ಆ ಸಾಲನ್ನು ಓಬೋ ಪಾರ್ಟಿನಲ್ಲಿ ಉಳಿಸಿಕೊಂಡೇ ಮೊದಲನೆಯ ಟ್ರಂಪೆಟ್‌ನ ಹಾಳೆಯಲ್ಲೂ ಸಣ್ಣ ಅಕ್ಷರದ ಸ್ವರಗಳಲ್ಲಿ ಬರೆದು, "ಓಬೋ ಇಲ್ಲದಿದ್ದರೆ ಮ್ಯೂಟ್ (ವಾದ್ಯದ ಬಾಯಿಗೆ ಇಡುವ ಮುಚ್ಚಳ) ಹಾಕಿ ನುಡಿಸಿ" ಎಂದು ಮೇಲೆ ನಮೂದಿಸಿದೆ. ಮ್ಯೂಟ್ ಹಾಕಿದ ಟ್ರಂಪೆಟ್‌ನ ಕಿರಿದಾದ, ತುಸು ಮೂಗಿನ ದನಿ ಆ ಸಾಲಿಗೆ ಚೆನ್ನಾಗಿಯೇ ಒಪ್ಪಿತು. ಬಸೂನಿನ ಸಾಲನ್ನು ಯುಫೋನಿಯಂಗೆ ಇದೇ ರೀತಿ ಕೊಟ್ಟೆ.

ಇಷ್ಟಾದರೂ ನಿಗದಿತ ವಾದ್ಯಪಟ್ಟಿ ಬೇಕೆಂದೇ ನಾನು ವಾದಿಸುತ್ತೇನೆ. ಸಣ್ಣ ಅಕ್ಷರದ ಸ್ವರಗಳು ರಾಗವನ್ನು ಉಳಿಸಿಕೊಡುತ್ತವೆ, ಆದರೆ ನಾದದ ಬಣ್ಣ ಪ್ರತಿ ಬ್ಯಾಂಡಿನಲ್ಲೂ ಬದಲಾಗುತ್ತದೆ, ಬಣ್ಣವನ್ನೇ ನಂಬಿದ ರಚನೆಯನ್ನು ಬರೆಯುವ ಧೈರ್ಯ ಬರುವುದಿಲ್ಲ. ನಮ್ಮ ಭಾಗದ ಬ್ಯಾಂಡ್ ಮಾಸ್ತರರು ಕೂಡಿ ಕ್ಲಾರಿನೆಟ್‌ಗೆ ಮೂರು ಪಾರ್ಟು, ಟ್ರಂಪೆಟ್‌ಗೆ ಎರಡು, ಆಲ್ಟೋ ಮತ್ತು ಟೆನರ್ ಸ್ಯಾಕ್ಸೋಫೋನ್, ಟ್ರಾಂಬೋನ್, ಯುಫೋನಿಯಂ, ಒಂದು ಬಾಸ್ ಎಂದಷ್ಟಾದರೂ ಗೊತ್ತುಮಾಡಿಕೊಂಡರೆ, ಬೆಳಗಾವಿಗೆ ಬರೆದದ್ದನ್ನು ವಿಜಯಪುರದವರೂ ಒಂದು ಸ್ವರ ತಿದ್ದದೆ ನುಡಿಸಬಹುದು.