ದನಿ ತಗ್ಗಿದ್ದು ಅವರಿಗೇ ಗೊತ್ತಿರಲಿಲ್ಲ

ಪಾರ್ಕಿನ್ಸನ್ ಎಂಬ ಮೆದುಳಿನ ಕಾಯಿಲೆ ಇರುವವರಿಗೆ ಮಾತಿನ ಅಭ್ಯಾಸ ಮಾಡಿಸುವಾಗ ನಾನು ಹೇಳುವುದು ಒಂದೇ: ಗಟ್ಟಿಯಾಗಿ ಮಾತಾಡಿ. ನಿಧಾನವಾಗಿ, ಬಿಡಿಸಿ, ಬಾಯಿ ತೆರೆದು ಅಂತ ನಾಲ್ಕು ಮಾತು ಸೇರಿಸಿದರೆ ಯಾವುದೂ ನೆನಪಲ್ಲಿ ಉಳಿಯುವುದಿಲ್ಲ. ದನಿ ಏರಿಸಿದರೆ ಉಸಿರು ತಾನಾಗೇ ತುಂಬುತ್ತದೆ, ಬಾಯಿಯೂ ಅಗಲವಾಗುತ್ತದೆ.

ಕೋಲಾರದಲ್ಲಿ ನನ್ನ ಹತ್ತಿರ ಬಂದ ಒಬ್ಬ ಹಿರಿಯರು ಟೊಮೆಟೊ ಮಂಡಿಯಲ್ಲಿ ಹರಾಜು ಕೂಗುತ್ತಿದ್ದವರು. ಈಗ ಪಕ್ಕದಲ್ಲಿ ಕೂತ ಹೆಂಡತಿಗೂ ಅವರ ಮಾತು ಕೇಳಿಸುತ್ತಿರಲಿಲ್ಲ. ಎಲ್ಲಾ ಒಂದೇ ಸಮ, ಏರಿಳಿತವೇ ಇಲ್ಲ. ಮುಖದಲ್ಲೂ ಭಾವ ಕಾಣದ್ದರಿಂದ ಮನೆಯವರು ಕೋಪ ಅಂದುಕೊಂಡಿದ್ದರು. ಆ ಹಿರಿಯರ ದೂರೇ ಬೇರೆ: "ಇವಳಿಗೆ ಕಿವಿ ಮಂದ ಆಗಿದೆ ಮೇಡಂ."

ಅದು ಹಠ ಅಲ್ಲ. ಮೆದುಳಲ್ಲಿ ಚಲನೆಗೆ ಬೇಕಾದ ಡೋಪಮೈನ್ ಎಂಬ ರಾಸಾಯನಿಕ ಕಡಿಮೆಯಾದಾಗ ಹೆಜ್ಜೆ, ಕೈಬರಹ, ದನಿ ಎಲ್ಲವೂ ಚಿಕ್ಕದಾಗುತ್ತವೆ. ತನ್ನ ದನಿ ಎಷ್ಟು ಜೋರಿದೆ ಅನ್ನುವ ಅಂದಾಜೂ ತಪ್ಪುತ್ತದೆ. ಹಾಗಾಗಿ ಮೊಬೈಲಲ್ಲಿ ರೆಕಾರ್ಡ್ ಮಾಡಿ ಕೇಳಿಸಿದೆ. "ಇದು ನಂದೇನಾ?" ಅಂತ ಇನ್ನೊಂದು ಸಲ ಕೇಳಿದರು.

ಈ ಅಭ್ಯಾಸ 1980ರ ದಶಕದಲ್ಲಿ ಅಮೆರಿಕದ ಮಾತಿನ ತಜ್ಞೆ ಲೊರೇನ್ ರಾಮಿಗ್ ಮತ್ತು ಸಂಗಡಿಗರು ರೂಪಿಸಿದ್ದು, ಎಲ್‌ಎಸ್‌ವಿಟಿ ಲೌಡ್ (ಲೀ ಸಿಲ್ವರ್‌ಮನ್ ಹೆಸರಿನ ದನಿ ಚಿಕಿತ್ಸೆ) ಅಂತಾರೆ. ವಾರಕ್ಕೆ 4 ದಿನ, ದಿನಕ್ಕೆ 1 ಗಂಟೆ, ಹೀಗೆ 4 ವಾರ. ಉಸಿರು ತುಂಬಿಕೊಂಡು ಆಗುವಷ್ಟು ಹೊತ್ತು 'ಆ' ಅನ್ನಬೇಕು. ಆಮೇಲೆ ಅದನ್ನೇ ಏರಿಸಿ, ಇಳಿಸಿ. ನಂತರ ದಿನಾ ಬಳಸುವ 10 ವಾಕ್ಯ. ಈ ವಾಕ್ಯಗಳು ಅವರವರ ಬದುಕಿನದೇ ಆಗಿರಬೇಕು, ಪುಸ್ತಕದ್ದಲ್ಲ. ಇವರಿಗೆ 15 ಕೆಜಿ ಬಾಕ್ಸಿನ ಹರಾಜನ್ನೇ ಕೊಟ್ಟೆ: "ಮುನ್ನೂರು, ಮುನ್ನೂರ ಹತ್ತು, ಮುನ್ನೂರ ಇಪ್ಪತ್ತು!" ಆ ದನಿ ಕೇಳಿ ಹೊರಗೆ ಕೂತಿದ್ದ ಹೆಂಡತಿ ಎದ್ದು ಬಂದರು. ನನಗಂತೂ ಕಣ್ಣು ತುಂಬಿತು. ಮನೆಯಲ್ಲಿ ತೆಲುಗು ಆಡುವವರಾದ್ದರಿಂದ ನೀರು ಕೇಳುವುದು, ಮೊಮ್ಮಗಳನ್ನು ಕರೆಯುವುದು ತೆಲುಗಲ್ಲೇ ಮಾಡಿಸಿದೆ. ಕತ್ತಿನ ನರ ಉಬ್ಬಿದರೆ ಅಲ್ಲೇ ನಿಲ್ಲಿಸುತ್ತೇನೆ. ಗಂಟಲು ಹಿಂಡಿ ಕಿರುಚುವುದು ಬೇಡ.

ಮಾತ್ರೆ ಚೆನ್ನಾಗಿ ಕೆಲಸ ಮಾಡುತ್ತಿರುವ ಹೊತ್ತಲ್ಲೇ ಅಭ್ಯಾಸಕ್ಕೆ ಕರೆಯುತ್ತೇನೆ. ಆದರೆ ಮಾತ್ರೆಯಿಂದ ಕೈಕಾಲಿಗೆ ಆಗುವಷ್ಟು ಅನುಕೂಲ ಸಾಮಾನ್ಯವಾಗಿ ದನಿಗೆ ಆಗುವುದಿಲ್ಲ. ಅದಕ್ಕೇ 4 ವಾರ ಮುಗಿದ ಮೇಲೂ ಮನೆಯಲ್ಲಿ ದಿನಾ ಅಭ್ಯಾಸ ಬೇಕು.

ಮನೆಯವರಿಗೆ ಹೇಳಿದ್ದು ಇಷ್ಟು: ಟಿವಿ ಆರಿಸಿ, ಎದುರಿಗೆ ಕೂತು ಮಾತಾಡಿ. ಉತ್ತರ ತಡವಾದರೂ ಕಾಯಿರಿ, ಅವರ ಬದಲು ನೀವು ಹೇಳಿಬಿಡಬೇಡಿ. ನೀರು ಕುಡಿಯುವಾಗ ಕೆಮ್ಮು ಬರುತ್ತಿದ್ದರೆ ಮಾತಿನ ಅಭ್ಯಾಸಕ್ಕೂ ಮೊದಲು ನುಂಗುವುದು ಸರಿಯಿದೆಯಾ ಅಂತ ತೋರಿಸಿ. ಅದನ್ನು ಮುಂದೂಡಲೇಬಾರದು.