ಘಾಟಿಯ ಮಳೆಗೆ ಮುನ್ನ ಕಾರಿನ ತಯಾರಿ

ಪುಣೆಯಲ್ಲಿ ನೆಲೆಸಿ, ಬೆಳಗಾವಿ-ಧಾರವಾಡದ ಕಡೆಯ ಊರಿಗೋ ಗೋವೆಯ ನೆಂಟರ ಮನೆಗೋ ಸ್ವಂತ ಕಾರಿನಲ್ಲಿ ಹೋಗಿಬರುವ ನಮ್ಮಂಥವರಿಗೆ ಮಳೆಗಾಲದ ಪ್ರಯಾಣವೆಂದರೆ ಖಂಬಾಟಕಿ, ಆಂಬೋಲಿ, ಚೋರ್ಲಾ ಘಾಟಿಗಳ ಪ್ರಯಾಣ. ಮುಂಗಾರು ವಾಡಿಕೆಯಂತೆ ಜೂನ್ ತಿಂಗಳ ಮೊದಲೆರಡು ವಾರಗಳಲ್ಲಿ ಇಲ್ಲಿಗೆ ಬರುವುದರಿಂದ ಕಾರಿನ ಕೆಲಸವನ್ನು ಮೇ ತಿಂಗಳಲ್ಲೇ ಮುಗಿಸಿಕೊಳ್ಳಬೇಕು; ಮೊದಲ ಮಳೆ ಬಿದ್ದ ಮರುದಿನ ಗ್ಯಾರೇಜುಗಳಲ್ಲಿ ಕಾರು ನಿಲ್ಲಿಸಲೂ ಜಾಗ ಸಿಗುವುದಿಲ್ಲ.

ಹೆಚ್ಚಿನವರು ವೈಪರಿನಿಂದ ಆರಂಭಿಸುತ್ತಾರೆ. ಬ್ರೇಕಿನಿಂದ ಆರಂಭಿಸಬೇಕೆಂಬುದು ನನ್ನ ಅಭಿಪ್ರಾಯ, ಏಕೆಂದರೆ ಘಾಟಿಯಲ್ಲಿ ಕಾರಿನ ನಿಜವಾದ ಪರೀಕ್ಷೆ ನಡೆಯುವುದು ಇಳಿಯುವಾಗ. ಗ್ಯಾರೇಜಿನವರು ಬ್ರೇಕ್ ಆಯಿಲ್ ಎಂದು ಕರೆಯುವ ದ್ರವವು ಗಾಳಿಯಲ್ಲಿನ ತೇವವನ್ನು ಹೀರುತ್ತದೆ. ಡಾಟ್ 4 ದರ್ಜೆಯ ಹೊಸ ದ್ರವದ ಕುದಿಬಿಂದು ಕನಿಷ್ಠ 230 ಡಿಗ್ರಿ ಸೆಲ್ಸಿಯಸ್ ಇರಬೇಕೆಂಬುದು ನಿಯಮ. ತೇವ ಸೇರಿದ ದ್ರವಕ್ಕೆ ಅದೇ ನಿಯಮ ಕೇಳುವುದು 155 ಡಿಗ್ರಿಯನ್ನು ಮಾತ್ರ. ಆಂಬೋಲಿಯಿಂದ ಸಾವಂತವಾಡಿಯ ಕಡೆಗೆ ಪೆಡಲಿನಿಂದ ಕಾಲು ತೆಗೆಯದೆ ಇಳಿದರೆ ಹಳೆಯ ದ್ರವವು ಕುದಿದು ಗುಳ್ಳೆಗಳಾಗಿ, ಪೆಡಲ್ ನೆಲ ಮುಟ್ಟಿದರೂ ಬ್ರೇಕ್ ಹಿಡಿಯದಿರಬಹುದು. ಆದ್ದರಿಂದ ಬದಲಿಸಿ 2 ವರ್ಷವಾಗಿದ್ದರೆ ಮೇಲಷ್ಟೇ ತುಂಬಿಸದೆ ಪೂರ್ತಿ ಬದಲಿಸಿ, ಪೈಪಿನೊಳಗಿನ ಗಾಳಿಯನ್ನೂ ತೆಗೆಸಿರಿ. ಪ್ಯಾಡುಗಳನ್ನು ಚಕ್ರ ಬಿಚ್ಚಿಸಿ ಕಣ್ಣಾರೆ ನೋಡಿರಿ. ಇಷ್ಟಾದ ಮೇಲೂ, ಹತ್ತಿದ ಗೇರಿನಲ್ಲೇ ಇಳಿಯಬೇಕೆಂಬ ಹಳೆಯ ಲಾರಿ ಚಾಲಕರ ಪದ್ಧತಿಯನ್ನು ಬಿಡಬಾರದು. ಪೆಟ್ರೋಲ್ ಉಳಿಯುತ್ತದೆಂದು ನ್ಯೂಟ್ರಲ್‌ನಲ್ಲಿ ಜಾರಿಬಿಡುವವರಿದ್ದಾರೆ. ಈಗಿನ ಎಂಜಿನ್‌ಗಳು ಗೇರಿನಲ್ಲಿದ್ದು ಆಕ್ಸಿಲರೇಟರ್ ಬಿಟ್ಟು ಇಳಿಯುವಾಗ ಇಂಧನವನ್ನು ತಾವೇ ನಿಲ್ಲಿಸುವುದರಿಂದ ಆ ಜಾಣತನದಲ್ಲಿ ಉಳಿತಾಯವೂ ಇಲ್ಲ.

ಟೈರಿನ ಕಚ್ಚುಗಳ ಆಳ ಸವೆದು 1.6 ಮಿಲಿಮೀಟರಿಗಿಂತ ಕಡಿಮೆಯಾಗಬಾರದೆಂದು ಕಾನೂನು ಹೇಳುತ್ತದೆ, ಆದರೆ ನೀರು ನಿಂತ ರಸ್ತೆಗೆ ಅಷ್ಟು ಆಳ ಸಾಲದು; 3 ಮಿಲಿಮೀಟರಿಗೆ ಬಂದಾಗಲೇ ಬದಲಿಸುವುದು ಲೇಸು. ಟೈರಿನ ಬದಿಯಲ್ಲಿರುವ 4 ಅಂಕಿಗಳನ್ನೂ ಓದಿರಿ: 2321 ಎಂದಿದ್ದರೆ ಅದು 2021ರ 23ನೆಯ ವಾರದಲ್ಲಿ ತಯಾರಾದದ್ದು. ಸ್ಟೆಪ್ನಿಗೂ ಹವಾ ತುಂಬಿಸಿರಿ.

ಒಂದು ಜುಲೈನಲ್ಲಿ ನಮ್ಮ ಕಾರಿನ ಮ್ಯಾಟು ವಾರಗಟ್ಟಲೆ ಒಣಗಲಿಲ್ಲ. ಬಾಗಿಲಿನ ರಬ್ಬರನ್ನೆಲ್ಲ ಬದಲಿಸಿದ ನಂತರ ತಿಳಿದ ಕಾರಣವಿಷ್ಟೆ: ಸೊಸೈಟಿಯ ಗುಲ್‌ಮೊಹರ್ ಮರದ ಎಲೆಗಳು ಮುಂಗಾಜಿನ ಬುಡದ ಜಾಲರಿಯೊಳಗೆ ಇಳಿದು ನೀರು ಹರಿದುಹೋಗುವ ತೂತನ್ನು ಮುಚ್ಚಿದ್ದವು. ಬಾನೆಟ್ ಎತ್ತಿ ಕೈಯಿಂದಲೇ ತೆಗೆಯಬಹುದಾದ ಕಸವದು. ವೈಪರ್ ರಬ್ಬರನ್ನು ಗೆರೆ ಬೀಳುವವರೆಗೆ ಕಾಯದೆ ಬದಲಿಸಿರಿ.

ಆಂಬೋಲಿಯ ಮಂಜಿನಲ್ಲಿ ಹೈ ಬೀಮ್ ಹಾಕಿದರೆ ಬೆಳಕು ಕಣ್ಣಿಗೇ ಮರಳುತ್ತದೆ. ಲೋ ಬೀಮ್ ಸಾಕು. ಒಳಗಿನಿಂದ ಗಾಜು ಮಬ್ಬಾದರೆ ಬಟ್ಟೆಯಿಂದ ಒರೆಸುತ್ತ ಕೂರದೆ ಎ.ಸಿ.ಯ ಗಾಳಿಯನ್ನು ಗಾಜಿನ ಕಡೆಗೆ ತಿರುಗಿಸಿರಿ.

ಹೊರಡುವ ಮುನ್ನ ವಿಮೆಯ ಕಾಗದವನ್ನೂ ಬಿಡಿಸಿ ನೋಡಿರಿ. ನೀರು ನುಗ್ಗಿ ಎಂಜಿನ್ ಕೆಟ್ಟರೆ ಸಾಮಾನ್ಯ ಪಾಲಿಸಿಯಲ್ಲಿ ಬಹುಮಟ್ಟಿಗೆ ಪರಿಹಾರ ಸಿಗುವುದಿಲ್ಲ, ಅದಕ್ಕೆ ಪ್ರತ್ಯೇಕ ಕಂತು ಕಟ್ಟಿರಬೇಕು. ಕಟ್ಟಿದ್ದರೂ, ನೀರಿನಲ್ಲಿ ನಿಂತುಹೋದ ಕಾರನ್ನು ಮತ್ತೆ ಸ್ಟಾರ್ಟ್ ಮಾಡದೆ, ತಳ್ಳಿಸಿ ಒಣನೆಲಕ್ಕೆ ತಂದು ಮೆಕ್ಯಾನಿಕ್‌ನನ್ನು ಕರೆಸಿರಿ.