ನೆಟ್ ಇಲ್ಲ ಅಂದಾಗ ನಾನು ಹುಡುಕುವ ದಾರಿ

"ನೆಟ್ ಬರ್ತಿಲ್ಲ" ಅಂದ ಕೂಡಲೇ ರೂಟರ್ ಆಫ್ ಮಾಡಿ ಆನ್ ಮಾಡುತ್ತೇವೆ, ಅಲ್ವಾ? ಎಷ್ಟೋ ಸಲ ಸರಿಹೋಗುತ್ತದೆ. ಆದರೆ ಕೆಟ್ಟಿದ್ದು ಏನು ಅನ್ನೋದು ಗೊತ್ತಾಗುವುದಿಲ್ಲ. ಇಂಟರ್‌ನೆಟ್ ಹೇಗೆ ನಡೆಯುತ್ತದೆ ಅಂತ ನಾನು ಕಲಿತದ್ದು ಆ "ಏನು" ಹುಡುಕುತ್ತಾ. ಅದಕ್ಕೆ ಬೇಕಾದ ಕಮಾಂಡ್‌ಗಳು, ಅಂದರೆ ಟೈಪ್ ಮಾಡಿ ಕೊಡುವ ಆದೇಶಗಳು, ಹೆಚ್ಚಿನ ಕಂಪ್ಯೂಟರ್‌ಗಳಲ್ಲಿ ಸಿಗುತ್ತವೆ.

ಮೊದಲನೆಯದು ಪಿಂಗ್. 1983ರಲ್ಲಿ ಮೈಕ್ ಮೂಸ್ ಬರೆದದ್ದು. ಒಂದು ಸಣ್ಣ ಪ್ಯಾಕೆಟ್, ಅಂದರೆ ಮಾಹಿತಿಯ ತುಣುಕು, ಕಳಿಸಿ, ಉತ್ತರ ಬರಲು ಎಷ್ಟು ಹೊತ್ತು ಹಿಡಿಯಿತು ಅಂತ ಹೇಳುತ್ತದೆ, ಅಷ್ಟೇ.

ನಾನು ಮನೆಯೊಳಗಿನಿಂದ ಹೊರಗೆ ಹೋಗುತ್ತೇನೆ. ಮೊದಲು ರೂಟರ್‌ಗೆ ಪಿಂಗ್. ನಮ್ಮಲ್ಲಿ ಅದರ ಐಪಿ ವಿಳಾಸ (ನೆಟ್‌ವರ್ಕ್‌ನಲ್ಲಿ ಅದನ್ನು ಗುರುತಿಸುವ ಅಂಕಿ) 192.168.1.1. ನಿಮ್ಮಲ್ಲೂ ಅದೇ ಇರಬಹುದು, ಯಾಕೆಂದರೆ ಇವು ಮನೆಯೊಳಗೆ ಮಾತ್ರ ನಡೆಯುವ ವಿಳಾಸಗಳು. ಫೋನು, ಟಿವಿ, ಲ್ಯಾಪ್‌ಟಾಪ್ ಎಲ್ಲವೂ ಹೊರಗೆ ಹೋಗುವಾಗ ಸಾಮಾನ್ಯವಾಗಿ ಒಂದೇ ವಿಳಾಸದಲ್ಲಿ ಹೋಗುತ್ತವೆ. ಬಂದ ಉತ್ತರ ಯಾರಿಗೆ ಸೇರಬೇಕು ಅನ್ನೋ ಲೆಕ್ಕ ರೂಟರ್‌ನದ್ದು.

ರೂಟರ್ ಉತ್ತರ ಕೊಟ್ಟರೆ ವೈಫೈ ಸರಿ ಇದೆ. ಆಮೇಲೆ ಹೊರಗಿರುವ ಗೂಗಲ್ ಸರ್ವರ್‌ನ ವಿಳಾಸ 8.8.8.8ಕ್ಕೆ ಪಿಂಗ್. ಅದೂ ಬಂದರೆ ಲೈನ್ ಸರಿ. ಕೊನೆಗೆ ಯಾವುದಾದರೂ ಸೈಟಿನ ಹೆಸರಿಗೆ.

ಒಂದು ಸಂಜೆ ಮಗಳು "ಅಪ್ಪಾ, ಯಾವ ಸೈಟೂ ಓಪನ್ ಆಗ್ತಿಲ್ಲ" ಅಂದಳು. ರೂಟರ್ ಉತ್ತರಿಸಿತು, 8.8.8.8 ಕೂಡ. ಹೆಸರು ಹಾಕಿದರೆ ಮಾತ್ರ "ಹೋಸ್ಟ್ ಸಿಗಲಿಲ್ಲ" ಅಂತ ಬಂತು. ಅಂದರೆ ದಾರಿ ತೆರೆದೇ ಇದೆ, ಹೆಸರನ್ನು ಐಪಿ ವಿಳಾಸ ಮಾಡಿಕೊಡುವ ಡಿಎನ್‌ಎಸ್ ಕೈಕೊಟ್ಟಿದೆ. ರೂಟರ್ ಸೆಟ್ಟಿಂಗ್‌ನಲ್ಲಿ ಡಿಎನ್‌ಎಸ್ ಜಾಗಕ್ಕೆ ಕ್ಲೌಡ್‌ಫ್ಲೇರ್ ಕಂಪನಿಯ ಡಿಎನ್‌ಎಸ್ ವಿಳಾಸ 1.1.1.1 ಹಾಕಿದೆ. ಸೈಟುಗಳು ತೆರೆದವು.

ನನಗೆ ಇವೆಲ್ಲಕ್ಕಿಂತ ಇಷ್ಟ ಟ್ರೇಸ್‌ರೂಟ್, ಪ್ಯಾಕೆಟ್ ಯಾವ ಯಾವ ರೂಟರ್ ದಾಟಿ ಹೋಗುತ್ತದೆ ಅಂತ ಸಾಲಾಗಿ ತೋರಿಸುವ ಕಮಾಂಡ್. ವಿಂಡೋಸ್‌ನಲ್ಲಿ ಅದರ ಹೆಸರು ಟ್ರೇಸರ್ಟ್. ಪ್ರತಿ ಪ್ಯಾಕೆಟ್‌ನಲ್ಲೂ ಟಿಟಿಎಲ್ ಅನ್ನೋ ಒಂದು ಅಂಕಿ ಇರುತ್ತದೆ. ದಾರಿಯ ಪ್ರತಿ ರೂಟರ್ ಅದರಲ್ಲಿ ಒಂದು ಕಳೆಯುತ್ತದೆ. ಸೊನ್ನೆಯಾದರೆ ಪ್ಯಾಕೆಟ್ ಬಿಸಾಡಿ, ಕಳಿಸಿದವರಿಗೆ ಸುದ್ದಿ ಮುಟ್ಟಿಸುತ್ತದೆ. ಪ್ಯಾಕೆಟ್‌ಗಳು ಕೊನೆಯಿಲ್ಲದೆ ಸುತ್ತಬಾರದು ಅಂತ ಈ ಏರ್ಪಾಟು. ಟ್ರೇಸ್‌ರೂಟ್ ಬೇಕಂತಲೇ ಟಿಟಿಎಲ್ 1, ಆಮೇಲೆ 2, 3 ಅಂತ ಕಳಿಸುತ್ತದೆ. ಸಾಯುವ ಪ್ರತಿ ಪ್ಯಾಕೆಟ್ ಒಂದೊಂದು ರೂಟರ್‌ನ ವಿಳಾಸ ಕೊಟ್ಟು ಹೋಗುತ್ತದೆ. ಎಂಥ ಚಂದದ ಉಪಾಯ!

ಪ್ರತಿ ರೂಟರ್‌ನ ಪಕ್ಕದಲ್ಲಿರುವ ಮಿಲಿಸೆಕೆಂಡುಗಳನ್ನೂ (ಉತ್ತರ ಬರಲು ಹಿಡಿದ ಹೊತ್ತು) ನೋಡಿ. ಫೈಬರ್‌ನಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಹೋಗುತ್ತದೆ. ಹೋಗಿ ಬರಲು ಒಂದು ಮಿಲಿಸೆಕೆಂಡು ಅಂದರೆ ದೂರ ಹೆಚ್ಚೆಂದರೆ 100 ಕಿಲೋಮೀಟರ್. ಬೆಂಗಳೂರಿನಿಂದ ಕ್ಯಾಲಿಫೋರ್ನಿಯಾ ಸುಮಾರು 14,000 ಕಿಲೋಮೀಟರ್, ಹಾಗಾಗಿ 140 ಮಿಲಿಸೆಕೆಂಡಿಗಿಂತ ಕಡಿಮೆ ಬರಲು ಸಾಧ್ಯವೇ ಇಲ್ಲ. ಎಷ್ಟೇ ದುಬಾರಿ ಪ್ಲಾನ್ ಹಾಕಿಸಿದರೂ ಇದು ಇಳಿಯುವುದಿಲ್ಲ. ಹಾಗಾದರೆ 8.8.8.8 ಅಷ್ಟು ಬೇಗ ಉತ್ತರಿಸುವುದು ಹೇಗೆ? ಅದೇ ವಿಳಾಸದ ಸರ್ವರ್‌ಗಳು ಬೇರೆ ಬೇರೆ ಊರುಗಳಲ್ಲಿವೆ, ನಮ್ಮ ಪ್ಯಾಕೆಟ್ ಸಾಮಾನ್ಯವಾಗಿ ಹತ್ತಿರದ್ದಕ್ಕೆ ಹೋಗುತ್ತದೆ.

ಟ್ರೇಸ್‌ರೂಟ್‌ನ ನಡುವೆ ಬರೀ ನಕ್ಷತ್ರ ಕಂಡರೆ ಗಾಬರಿ ಬೇಡ. ಕೆಲವು ರೂಟರ್‌ಗಳು ಪ್ಯಾಕೆಟ್ ದಾಟಿಸುತ್ತವೆ, ಉತ್ತರ ಮಾತ್ರ ಕೊಡುವುದಿಲ್ಲ. ಮುಂದಿನ ಸಾಲುಗಳು ಬರುತ್ತಿದ್ದರೆ ದಾರಿ ಸರಿ ಇದೆ ಅಂತಲೇ ಲೆಕ್ಕ.